ಮೋಟಾರ್‌ಹೋಮ್‌ಗೆ ಹಿಂದಿನ ಮತ್ತು ಪಕ್ಕದ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಂಪೋ ಟ್ರಾವೆಲರ್, ವಿಂಗರ್ ಅಥವಾ ಮಿನಿ ಬಸ್ಸಿನ ಮೇಲೆ ಮಲಗುವ ಮನೆ, ಅಂದರೆ ಮೋಟಾರ್‌ಹೋಮ್, ಕಟ್ಟಿಸಿಕೊಂಡವರು ಈಗ ಮೈಸೂರು, ಮಂಡ್ಯ ಕಡೆಯೂ ಅಲ್ಲಲ್ಲಿ ಸಿಗುತ್ತಾರೆ. ಗ್ಯಾರೇಜಿನಲ್ಲಿ, ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಅವರು ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ವೈರಿಂಗಿನ ಗೋಜಲು ಆಮೇಲೆ. ಎಲ್ಲ ಉತ್ತರಗಳಲ್ಲೂ ನನ್ನ ಒಂದು ಹಠ ಕಾಣುತ್ತದೆ: ಬಲಗಡೆ ಕೂತು ಓಡಿಸುವ ನಮಗೆ ಕಾಣದೆ ಹೋಗುವುದು ಎಡಗಡೆ. ದುಡ್ಡು ಕಡಿಮೆ ಬಿದ್ದರೂ ಎಡ ಪಕ್ಕದ ಕ್ಯಾಮೆರಾ ಬಿಡಬೇಡಿ.

## ಮೊದಲಿಗೆ

ಎರಡು ದೊಡ್ಡ ಕನ್ನಡಿ ಇದಾವಲ್ಲ ಸಾರ್, ಕ್ಯಾಮೆರಾ ಯಾಕೆ ಬೇಕು?

ಕನ್ನಡಿ ಬಾಡಿಯ ಪಕ್ಕವನ್ನು ತೋರಿಸುತ್ತದೆ, ಬೆನ್ನನ್ನು ತೋರಿಸುವುದಿಲ್ಲ. ಕಾರಿನಲ್ಲಾದರೆ ಒಳಗಿನ ಕನ್ನಡಿಯಿಂದ ಹಿಂದಿನ ಗಾಜಿನಾಚೆ ನೋಡಬಹುದು. ಮೋಟಾರ್‌ಹೋಮ್‌ನಲ್ಲಿ ಆ ಜಾಗದಲ್ಲಿ ಮಂಚವೋ ಶೌಚಾಲಯದ ಗೋಡೆಯೋ ಇರುತ್ತದೆ. ಗಾಡಿಯ ಹಿಂದಿನ ಹಲವು ಮೀಟರ್ ಜಾಗ ಚಾಲಕನಿಗೆ ಇಲ್ಲವೇ ಇಲ್ಲ ಎಂಬಂತೆ. ಹಳ್ಳಿಯಲ್ಲಿ ಇಂಥ ಗಾಡಿ ಬಂದು ನಿಂತರೆ ಮಕ್ಕಳು ಸುತ್ತ ಸೇರುತ್ತಾರೆ, ಹಿಂದಿನ ಏಣಿ ಹತ್ತಲು ನೋಡುತ್ತಾರೆ. ಕ್ಯಾಮೆರಾ ಹಾಕಿಸಲು ಆ ಒಂದು ಕಾರಣ ಸಾಕು. ಆದರೆ ಕನ್ನಡಿಗಳನ್ನು ತೆಗೆಯುವಂತಿಲ್ಲ. ಕಾನೂನಿಗೂ ಅವು ಬೇಕು, ಕ್ಯಾಮೆರಾ ಕೆಟ್ಟ ದಿನ ನಿಮಗೂ ಬೇಕು.

ಹಿಂದ್ಗಡೆ ಒಂದೇ ಹಾಕ್ಸಿದ್ರೆ ಸಾಕಾ? ಪಕ್ಕಕ್ಕೂ ಬೇಕಾ?

ಪಕ್ಕಕ್ಕೂ ಬೇಕು, ಅದರಲ್ಲೂ ಎಡಕ್ಕೆ. ಕಾರಣ ಮೂರು.

ಮೊದಲನೆಯದು ಎಡಗಡೆಯಿಂದ ನುಗ್ಗುವ ಬೈಕುಗಳು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಿದ್ದಾರೆ. ಅವೆಲ್ಲ ಓಡಾಡುವುದು ಸರ್ವೀಸ್ ರಸ್ತೆಯಲ್ಲಿ. ಊಟಕ್ಕೋ ಡೀಸೆಲ್‌ಗೋ ನೀವು ಸರ್ವೀಸ್ ರಸ್ತೆಗೆ ಇಳಿದ ಕ್ಷಣದಿಂದ ಎಡಗಡೆ ಸಂದಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಎರಡನೆಯದು ಹಿಂದಿನ ಚಕ್ರ. ಎಡಕ್ಕೆ ತಿರುಗುವಾಗ ಹಿಂದಿನ ಎಡ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಶ್ರೀರಂಗಪಟ್ಟಣದ ಓಣಿ, ಮೇಲುಕೋಟೆಯ ಬೀದಿಗಳಲ್ಲಿ ಇದು ಜಗುಲಿಯ ಮೂಲೆಗೆ ಬರುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದು ನೀವು ಅಂಚಿಗೆ ಸರಿಯಬೇಕಾದಾಗ ಚಕ್ರಕ್ಕೂ ನೀರಿಗೂ ಎಷ್ಟು ಮಣ್ಣು ಉಳಿದಿದೆ ಎಂಬುದು ಕಣ್ಣಿಗೆ ಕಾಣಲೇಬೇಕು, ಅಂದಾಜಿಗೆ ಬಿಡುವ ವಿಷಯವಲ್ಲ.

ಮೂರನೆಯದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ. ಹಿಂದಿನ ಚಕ್ರದಿಂದ ಆಚೆ ಚಾಚಿಕೊಂಡ ಬಾಡಿ, ಓವರ್‌ಹ್ಯಾಂಗ್, ನಮ್ಮ ನಿಯಮದ ಪ್ರಕಾರ ವೀಲ್‌ಬೇಸಿನ (ಮುಂದಿನ, ಹಿಂದಿನ ಅಚ್ಚುಗಳ ನಡುವಿನ ದೂರದ) ಶೇ 60ರವರೆಗೆ ಇರಬಹುದು. ರಸ್ತೆಯ ಎಡ ಬದಿಯಲ್ಲಿ ಎಳನೀರು ಕುಡಿಯಲು ನಿಲ್ಲಿಸಿ, ಬಲಕ್ಕೆ ಸ್ಟೀರಿಂಗ್ ತಿರುಗಿಸಿ ಹೊರಟಾಗ ಆ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ಟಿಗೆ ಅಂಗಡಿಯ ತಗಡಿಗೆ, ನಿಲ್ಲಿಸಿದ್ದ ಸ್ಕೂಟರಿಗೆ, ಅಲ್ಲಿ ನಿಂತವರ ಭುಜಕ್ಕೆ ತಗುಲುವುದು ಹೀಗೆ. ಗಾಡಿ ಮುಂದೆ ಹೋಗುತ್ತಿರುವುದರಿಂದ ಹಿಂದಿನ ಕ್ಯಾಮೆರಾ ಆಗ ಆನ್ ಆಗಿಯೇ ಇರುವುದಿಲ್ಲ.

ಬಲ ಪಕ್ಕದ ಕ್ಯಾಮೆರಾ ಆಮೇಲೆ ಸೇರಿಸಬಹುದು. ಬಲಗಡೆ ಕಿಟಕಿಯಿಂದ ಇಣುಕಿದರೆ ಚಕ್ರ ಕಾಣುತ್ತದೆ.

ಕೊಳ್ಳೋಕ್ ಮುಂಚೆ ನಮ್ ಗಾಡಿಗೆ ಯಾವ್ದು ಬೇಕು ಅಂತ ಹೆಂಗ್ ಗೊತ್ತಾಗುತ್ತೆ?

ಖಾಲಿ ಮೈದಾನದಲ್ಲಿ ಗಾಡಿ ನಿಲ್ಲಿಸಿ. ನೀವು ಚಾಲಕನ ಸೀಟಿನಲ್ಲಿ ಕೂತು ಕನ್ನಡಿಗಳನ್ನು ಸರಿಮಾಡಿಕೊಳ್ಳಿ. ಇನ್ನೊಬ್ಬರು ಮಗುವಿನ ಎತ್ತರದ, ಸುಮಾರು 80 ಸೆಂಟಿಮೀಟರಿನ ಒಂದು ಡಬ್ಬವನ್ನೋ ಪ್ಲಾಸ್ಟಿಕ್ ಕುರ್ಚಿಯನ್ನೋ ಹಿಡಿದು ಗಾಡಿಯ ಸುತ್ತ ಸರಿಸುತ್ತಾ ಬರಲಿ. ಅದು ನಿಮಗೆ ಕಾಣದೆ ಹೋದಲ್ಲೆಲ್ಲ ಸುಣ್ಣದ ಪುಡಿಯಿಂದ ಗುರುತು ಹಾಕಿಸಿ. ಇಳಿದು ಬಂದು ನೋಡಿದರೆ ನಿಮ್ಮ ಗಾಡಿಯ ಕಾಣದ ಜಾಗದ ನಕ್ಷೆ ನೆಲದ ಮೇಲಿರುತ್ತದೆ. ಅದನ್ನು ಫೋಟೋ ತೆಗೆದು ಬಾಡಿ ಕಟ್ಟುವವರಿಗೆ ತೋರಿಸಿ. ಅಂಗಡಿಯವರು ಕೊಡುವ ಸೆಟ್ ನೋಡಿ ಜಾಗ ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ರಿವರ್ಸ್ ಸೆನ್ಸರ್ ಇದೆ, ಅದೇ ಸಾಲ್ದಾ?

ಎರಡರ ಕೆಲಸ ಬೇರೆ. ಸೆನ್ಸರ್ ದೂರವನ್ನು ಶಬ್ದದಿಂದ ಅಳೆಯುತ್ತದೆ. ಕತ್ತಲೆಯಲ್ಲೂ ಕೆಲಸ ಮಾಡುತ್ತದೆ, ನೀವು ಸ್ಕ್ರೀನ್ ನೋಡದಿದ್ದಾಗಲೂ ಕೂಗುತ್ತದೆ. ಆದರೆ ಬಟ್ಟೆ ಒಣಹಾಕುವ ತಂತಿ, ಬೇಲಿಯ ಸಣ್ಣ ಕಂಬಿ, ಬಂಪರಿಗಿಂತ ತಗ್ಗಿನ ಚರಂಡಿ ಅದಕ್ಕೆ ಸಿಗುವುದಿಲ್ಲ. ಎರಡೂ ಇರಲಿ. ಮೇಲಿನ ಮರದ ಕೊಂಬೆ ಎರಡಕ್ಕೂ ಸಿಗುವುದಿಲ್ಲ ಎಂಬುದು ನೆನಪಿರಲಿ. ಸಾಲುಮರದ ರಸ್ತೆಯಲ್ಲಿ ಹಿಂದಕ್ಕೆ ತೆಗೆಯುವ ಮುಂಚೆ ಇಳಿದು ತಲೆ ಎತ್ತಿ ನೋಡಬೇಕು.

ಕ್ಯಾಮೆರಾ ಇದ್ಮೇಲೆ ಹಿಂದೆ ನಿಂತು 'ಬರ್ಲಿ ಬರ್ಲಿ' ಅನ್ನೋರು ಬೇಡ ಅಲ್ವಾ?

ಇಕ್ಕಟ್ಟಿನ ಜಾಗದಲ್ಲಿ ಬೇಕು. ಕ್ಯಾಮೆರಾ ತನ್ನ ಮುಂದಿನದನ್ನಷ್ಟೇ ತೋರಿಸುತ್ತದೆ. ಮನುಷ್ಯ ಅಡ್ಡ ಬರುತ್ತಿರುವ ದನವನ್ನು ಮೊದಲೇ ಕಂಡು ನಿಲ್ಲಿಸುತ್ತಾನೆ. ನಿಲ್ಲುವವರು ಗಾಡಿಯ ನೇರ ಹಿಂದೆ ನಿಲ್ಲದೆ, ನಿಮ್ಮ ಬಲಗನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕಿರಲಿ. ಅವರು ಕನ್ನಡಿಯಿಂದ ಮರೆಯಾದರೆ ಬ್ರೇಕ್ ಒತ್ತಿ, ಮತ್ತೆ ಕಾಣುವವರೆಗೆ ಚಕ್ರ ಉರುಳಬಾರದು. ಮನೆಯಲ್ಲಿ ಎಲ್ಲರೂ ಈ ಒಂದು ನಿಯಮ ಒಪ್ಪಿಕೊಂಡಿರಲಿ.

## ಆರಿಸುವಾಗ

ವೈರ್‌ಲೆಸ್ ಹಾಕಿದ್ರೆ ತಲೆನೋವು ಕಡಿಮೆ ಅಂತಾರೆ, ನಿಜಾನಾ?

ಕೂರಿಸುವ ದಿನ ನಿಜ, ಆಮೇಲೆ ಅಷ್ಟಿಲ್ಲ. ವೈರ್‌ಲೆಸ್ ಕ್ಯಾಮೆರಾಕ್ಕೂ ಕರೆಂಟಿನ ವೈರ್ ಬೇಕೇ ಬೇಕು. ಹೆಚ್ಚಿನವು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಮಧ್ಯೆ ಫ್ರಿಜ್ಜು, ಸ್ಟೀಲ್ ಟ್ಯಾಂಕು, ತಗಡಿನ ಗೋಡೆ ಅಡ್ಡ ಬಂದರೆ ಚಿತ್ರ ತಡವಾಗುತ್ತದೆ ಅಥವಾ ನಿಂತುಬಿಡುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಬರುವಾಗ ಚಿತ್ರ 0.2 ಸೆಕೆಂಡ್ ತಡವಾದರೂ ಗಾಡಿ ಅಷ್ಟರಲ್ಲಿ 28 ಸೆಂಟಿಮೀಟರ್ ಬಂದಿರುತ್ತದೆ. ನಿಂತುಹೋದ ಚಿತ್ರ ಇನ್ನೂ ಅಪಾಯ: ಹಿಂದೆ ಖಾಲಿ ಇದೆ ಎಂದು ತೋರಿಸುತ್ತಲೇ ಇರುತ್ತದೆ. ಹೊಸದಾಗಿ ಬಾಡಿ ಕಟ್ಟಿಸುತ್ತಿರುವವರು ಒಳಗೋಡೆ ಮುಚ್ಚುವ ಮುಂಚೆ ಕೇಬಲ್ ಎಳೆಸಿಬಿಡಿ. ಕಟ್ಟಿ ಮುಗಿದ ಗಾಡಿಗೆ, ಗೋಡೆ ಬಿಚ್ಚಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ, ಡಿಜಿಟಲ್ ವೈರ್‌ಲೆಸ್ ಒಪ್ಪಿಕೊಳ್ಳಬಹುದು.

170 ಡಿಗ್ರಿ ಒಳ್ಳೇದಾ, 120 ಒಳ್ಳೇದಾ?

ಡಬ್ಬಿಯ ಮೇಲಿನ ಡಿಗ್ರಿ ಸಾಮಾನ್ಯವಾಗಿ ಚಿತ್ರದ ಮೂಲೆಯಿಂದ ಮೂಲೆಗೆ ಅಳೆದದ್ದು. ಅಡ್ಡಡ್ಡಲಾಗಿ ಸಿಗುವುದು ಅದಕ್ಕಿಂತ ಕಡಿಮೆ, ಹಾಗಾಗಿ ಅಡ್ಡ ಕೋನ ಎಷ್ಟು ಎಂದು ಕೇಳಿ. ಕೋನ ಅಗಲವಾದಷ್ಟೂ ವಸ್ತುಗಳು ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತವೆ. ಹಿಂದಕ್ಕೆ ತೆಗೆಯಲು ಅಡ್ಡ 120 ಡಿಗ್ರಿ ಆಸುಪಾಸು ಸಾಕು. ಎರಡೂ ಮೂಲೆ ಕಾಣುತ್ತವೆ, ದೂರದ ಅಂದಾಜೂ ಪೂರ್ತಿ ಕೆಡುವುದಿಲ್ಲ. ಪಕ್ಕಕ್ಕೆ 90ರಿಂದ 110. ಪಕ್ಕದ ಕ್ಯಾಮೆರಾದಲ್ಲಿ ಬರುತ್ತಿರುವ ಬೈಕು ಎಷ್ಟು ಹತ್ತಿರ ಎಂದು ಗೊತ್ತಾಗುವುದೇ ಮುಖ್ಯ.

ಗಾಡಿಲಿರೋ ಸ್ಟೀರಿಯೋ ಸ್ಕ್ರೀನ್‌ಗೇ ಹಾಕ್ಬೋದಾ? ಎಎಚ್‌ಡಿ, ಸಿವಿಬಿಎಸ್ ಅಂತ ಏನೇನೋ ಹೇಳ್ತಾರೆ.

ಸಿವಿಬಿಎಸ್ ಹಳೆಯ ಅನಲಾಗ್ ಸಿಗ್ನಲ್, ಚಿತ್ರ ಸ್ವಲ್ಪ ಮಂಕು. ಎಎಚ್‌ಡಿ 720 ಅಥವಾ 1080 ಸಾಲುಗಳ ಸ್ಪಷ್ಟ ಚಿತ್ರ ಕೊಡುತ್ತದೆ. ಕ್ಯಾಮೆರಾ ಮತ್ತು ಸ್ಕ್ರೀನ್ ಒಂದೇ ಭಾಷೆ ಮಾತಾಡಬೇಕು: ಎಎಚ್‌ಡಿ ಕ್ಯಾಮೆರಾವನ್ನು ಸಿವಿಬಿಎಸ್ ಮಾತ್ರ ಓದುವ ಸ್ಟೀರಿಯೋಗೆ ಕೊಟ್ಟರೆ ಚಿತ್ರ ಬರುವುದಿಲ್ಲ ಅಥವಾ ಕಲಸಿಹೋಗುತ್ತದೆ. ಎರಡೂ ಎಎಚ್‌ಡಿ ಆಗಿದ್ದರೂ ಸೆಕೆಂಡಿಗೆ 25 ಮತ್ತು 30 ಫ್ರೇಮಿನ ವ್ಯತ್ಯಾಸದಿಂದ ಕೆಲವೊಮ್ಮೆ ಕಪ್ಪು ಪರದೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಬದಲಾಯಿಸಿದರೆ ಸರಿಹೋಗುತ್ತದೆ.

ಸ್ಟೀರಿಯೋಗೆ ಹಿಂದಿನ ಕ್ಯಾಮೆರಾ ಒಂದನ್ನು ಕೊಡಬಹುದು. ಪಕ್ಕದ್ದೂ ಇದ್ದರೆ ಬೇರೆಯೇ ನಾಲ್ಕು ಚಾನೆಲ್ (ನಾಲ್ಕು ಕ್ಯಾಮೆರಾ ಜೋಡಿಸಬಹುದಾದ) ಮಾನಿಟರ್ ತೆಗೆದುಕೊಳ್ಳಿ. ಒಂದೊಂದೇ ಚಿತ್ರ ನೋಡುವವರಿಗೆ 7 ಇಂಚು ಸಾಕು, ನಾಲ್ಕಾಗಿ ಭಾಗ ಮಾಡಿ ನೋಡುವವರಿಗೆ 10 ಇಂಚು.

ನಮ್ ಕಡೆ ಧೂಳು ಜಾಸ್ತಿ. ಐಪಿ ನಂಬರ್ ಎಷ್ಟಿರ್ಬೇಕು?

ಐಪಿ ನಂಬರ್ ಎಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಎಂಬ ಗುರುತು. ಮೊದಲ ಅಂಕಿ 6 ಇದ್ದರೆ ಧೂಳು ಒಳಗೆ ಹೋಗುವುದಿಲ್ಲ. ಎರಡನೆಯ ಅಂಕಿ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ನಮ್ಮ ಕಡೆ ಕ್ಯಾಮೆರಾಕ್ಕೆ ನಿಜವಾದ ಪರೀಕ್ಷೆ ವಾಟರ್ ಸರ್ವೀಸಿನ ಪ್ರೆಷರ್ ಪೈಪು. ಅದಕ್ಕೆ ಐಪಿ69ಕೆ ಇರುವುದನ್ನು ಕೊಳ್ಳಿ. ಇದ್ದರೂ ಪೈಪನ್ನು ನೇರ ಲೆನ್ಸಿಗೆ ಹಿಡಿಯಬೇಡಿ ಎಂದು ತೊಳೆಯುವ ಹುಡುಗರಿಗೆ ಹೇಳಿ.

ರಾತ್ರಿ ಹೊತ್ತು ಏನೂ ಕಾಣಲ್ಲ. ಐಆರ್ ಇರೋದು ತಗೊಂಡ್ರೆ ಸರಿಹೋಗುತ್ತಾ?

ಸ್ವಲ್ಪ ಮಟ್ಟಿಗೆ. ಐಆರ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ದೀಪಗಳ ಬೆಳಕಿನಲ್ಲಿ ಕೆಲವು ಮೀಟರ್ ಕಪ್ಪು ಬಿಳುಪಿನಲ್ಲಿ ಕಾಣುತ್ತದೆ. ಧೂಳು ಎದ್ದಾಗ, ಮಂಜಿದ್ದಾಗ ಆ ಬೆಳಕು ವಾಪಸ್ ಚಿಮ್ಮಿ ಇಡೀ ಚಿತ್ರ ಬೆಳ್ಳಗಾಗುತ್ತದೆ. ನನ್ನ ಸಲಹೆ: ಕಡಿಮೆ ಬೆಳಕಿಗೆ ಒಗ್ಗುವ ಒಳ್ಳೆಯ ಸೆನ್ಸರಿನ ಕ್ಯಾಮೆರಾ ಕೊಂಡು, ಜೊತೆಗೆ ಎರಡು ಎಲ್‌ಇಡಿ ರಿವರ್ಸ್ ದೀಪ ಹಾಕಿಸಿ. ದೀಪ ನಿಮಗಷ್ಟೇ ಅಲ್ಲ, ಹಿಂದೆ ಇರುವವರಿಗೂ ಗಾಡಿ ಬರುತ್ತಿದೆ ಎಂದು ಹೇಳುತ್ತದೆ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ ಗುಂಡ್ಲುಪೇಟೆ ಬದಿಯಲ್ಲಿ ಕತ್ತಲಲ್ಲೇ ಜಾಗ ಹುಡುಕಿ ಗಾಡಿ ನಿಲ್ಲಿಸುವವರು ಇದನ್ನು ಮೊದಲು ಮಾಡಿಸಬೇಕು.

## ಕೂರಿಸುವಾಗ

ಹಿಂದಿನ ಕ್ಯಾಮೆರಾ ಮೇಲಿರ್ಬೇಕಾ, ಬಂಪರ್ ಹತ್ರ ಇರ್ಬೇಕಾ?

ಮೇಲೆ. ಚಾವಣಿಯ ಅಂಚಿನಿಂದ ಒಂದಷ್ಟು ಕೆಳಗೆ, ಗಾಡಿಯ ನಡುಮಧ್ಯದಲ್ಲಿ. ಎತ್ತರದಿಂದ ನೋಡಿದರೆ ನೆಲ ಹರಡಿದಂತೆ ಕಾಣುತ್ತದೆ, ದೂರ ತಿಳಿಯುತ್ತದೆ, ಕೆಸರು ಸಿಡಿಯುವುದೂ ಕಡಿಮೆ. ಚಾವಣಿಗಿಂತ ಮೇಲೆ ಚಾಚಿಕೊಂಡರೆ ಮೊದಲ ಕೊಂಬೆಗೇ ಹೋಗುತ್ತದೆ. ಲಂಬ ಕೋನ 90 ಡಿಗ್ರಿ ಇರುವ ಕ್ಯಾಮೆರಾವನ್ನು 45 ಡಿಗ್ರಿ ಬಗ್ಗಿಸಿದರೆ ಚಿತ್ರದ ಕೆಳ ಅಂಚಿನಲ್ಲಿ ನೇರ ಕೆಳಗಿನ ನೆಲ, ಮೇಲಿನ ಅಂಚಿನಲ್ಲಿ ದಿಗಂತ ಬರುತ್ತದೆ. ಬಂಪರಿನ ಒಂದು ಎಳೆ ಚಿತ್ರದಲ್ಲಿ ಕಾಣಲೇಬೇಕು. ಅದು ಕಾಣದಿದ್ದರೆ ಗಾಡಿ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ.

ಏಣಿ, ಸ್ಟೆಪ್ನಿ, ಸೈಕಲ್ ಸ್ಟ್ಯಾಂಡ್ ಎಲ್ಲ ಹಾಕಿಸಿದ ಮೇಲೆ ಜಾಗ ಗೊತ್ತುಮಾಡಿ. ಸೈಕಲ್ ಏರಿಸಿದಾಗ ಅದರ ಹ್ಯಾಂಡಲ್ ಲೆನ್ಸಿಗೆ ಅಡ್ಡ ಬರುವುದು ಬಹಳ ಸಾಮಾನ್ಯ.

ಎಡಗಡೆ ಕ್ಯಾಮೆರಾ ಎಲ್ಲಿಗೆ ಹಾಕ್ಲಿ? ಬಾಗಿಲು, ಓನಿಂಗು ಎಲ್ಲ ಆ ಕಡೆಗೇ ಇದೆ.

ಮುಂದಿನ ಬಾಗಿಲಿನ ಮೇಲೆ, ಚಾವಣಿಗೆ ಸ್ವಲ್ಪ ಕೆಳಗೆ, ಹಿಂದಕ್ಕೂ ಕೆಳಕ್ಕೂ ಮುಖ ಮಾಡಿ. ಚಿತ್ರದ ಒಳ ಅಂಚಿನಲ್ಲಿ ಗಾಡಿಯ ಮೈ ಸಣ್ಣ ಪಟ್ಟಿಯಾಗಿ ಕಾಣಲಿ, ಹಿಂದಿನ ಎಡ ಚಕ್ರ ನೆಲ ಮುಟ್ಟುವ ಜಾಗ ಕಡ್ಡಾಯವಾಗಿ ಕಾಣಲಿ. ಓನಿಂಗಿನ, ಅಂದರೆ ಬಿಚ್ಚಿ ಹಾಕುವ ನೆರಳು ಚಪ್ಪರದ, ಪೆಟ್ಟಿಗೆ ಅಡ್ಡವಾದರೆ ಅದರ ಕೆಳಗೆ ಕೂರಿಸಿ. ಬಾಗಿಲು ತೆರೆದಾಗ ತಗುಲುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿಯೇ ತೂತು ಕೊರೆಸಿ. ಚಪ್ಪಟೆಯಾಗಿ ಮೈಗೆ ಅಂಟುವ ಮಾದರಿಯೇ ಇರಲಿ, ಉದ್ದ ಕತ್ತಿನದು ಓಣಿಯಲ್ಲಿ ಉಳಿಯುವುದಿಲ್ಲ. ಮುಂಜಾನೆ, ಸಂಜೆಯ ಓರೆ ಬಿಸಿಲು ಲೆನ್ಸಿಗೆ ಬಿದ್ದು ಚಿತ್ರ ತೊಳೆದಂತಾಗದಿರಲು ಸಣ್ಣ ಮರೆ ಇರುವುದನ್ನು ಆರಿಸಿ.

ಸ್ಕ್ರೀನ್ ಮೇಲೆ ಹಸಿರು, ಹಳದಿ, ಕೆಂಪು ಗೆರೆ ಬರ್ತವೆ. ನಂಬ್ಬೋದಾ?

ನೀವೇ ಅಳೆದು ಸರಿಮಾಡುವವರೆಗೆ ನಂಬಬೇಡಿ. ಆ ಗೆರೆಗಳು ಯಾವುದೋ ಕಾರಿನ ಎತ್ತರಕ್ಕೆ ಎಳೆದವು. ಸಮತಟ್ಟು ಜಾಗದಲ್ಲಿ, ನೀರಿನ ಟ್ಯಾಂಕ್ ತುಂಬಿಸಿ, ಸಾಮಾನು ಏರಿಸಿ ನಿಲ್ಲಿಸಿ. ನೂರು ಲೀಟರ್ ನೀರೆಂದರೆ ನೂರು ಕಿಲೋ; ಸ್ಪ್ರಿಂಗ್ ಪಟ್ಟಿ ಕುಗ್ಗಿ ಕ್ಯಾಮೆರಾದ ನೋಟ ಬದಲಾಗುತ್ತದೆ. ಗಾಡಿಯ ಅತಿ ಹಿಂದಿನ ತುದಿಯಿಂದ, ಅಂದರೆ ಬಂಪರಿನಿಂದಲ್ಲ, ಏಣಿಯೋ ಸೈಕಲ್ ಸ್ಟ್ಯಾಂಡೋ ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿಂದ, 1, 2, 3 ಮೀಟರಿಗೆ ಇಟ್ಟಿಗೆ ಸಾಲು ಇಡಿ. ಗೆರೆಗಳನ್ನು ಅದಕ್ಕೆ ಹೊಂದಿಸಿ. ಹೊಂದಿಸಲು ಬಾರದ ಸ್ಕ್ರೀನಾದರೆ ಗೆರೆ ಆಫ್ ಮಾಡಿ, ಗಾಜಿನ ಮೇಲೇ ಸಣ್ಣ ಟೇಪು ಅಂಟಿಸಿ.

ಸರಿಮಾಡಿದ ಮೇಲೂ ಎರಡು ಕಡೆ ಗೆರೆ ತಪ್ಪು ಹೇಳುತ್ತದೆ. ಹಿಂದಿನ ನೆಲ ಏರುಮುಖವಾಗಿದ್ದರೆ ವಸ್ತು ಇರುವುದಕ್ಕಿಂತ ದೂರ ಕಾಣುತ್ತದೆ. ಬೆಟ್ಟದ ದಾರಿಗಳಲ್ಲಿ ಇದನ್ನು ನೆನಪಿಡಿ. ನೆಲ ಮುಟ್ಟದೆ ಗಾಳಿಯಲ್ಲಿ ಚಾಚಿದ್ದೂ ಹಾಗೆಯೇ. ಸಕ್ಕರೆ ಕಾರ್ಖಾನೆ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕಬ್ಬಿನ ತುದಿ ಟ್ರೈಲರಿಗಿಂತ ಎಷ್ಟೋ ಆಚೆ ಚಾಚಿರುತ್ತದೆ. ಗೆರೆಯ ಲೆಕ್ಕದಲ್ಲಿ ಎರಡು ಮೀಟರ್ ಉಳಿದಿದೆ ಎನ್ನುವಾಗ ಕಬ್ಬು ನಿಮ್ಮ ಹಿಂದಿನ ಕಿಟಕಿ ಮುಟ್ಟಿರುತ್ತದೆ.

ಎಡಕ್ಕಿರೋದು ಬಲಕ್ಕೆ ಕಾಣ್ತದೆ. ಕ್ಯಾಮೆರಾ ಕೆಟ್ಟಿದ್ಯಾ?

ಕೆಟ್ಟಿಲ್ಲ. ಹಿಂದಕ್ಕೆ ನೋಡುವ ಕ್ಯಾಮೆರಾ ಕನ್ನಡಿಯಂತೆ ತಿರುಗಿಸಿದ ಚಿತ್ರ ತೋರಿಸಬೇಕು, ಮುಂದಕ್ಕೆ ನೋಡುವುದು ನೇರ ಚಿತ್ರ. ಮಾನಿಟರಿನ ಮೆನುವಿನಲ್ಲಿ ಪ್ರತಿ ಚಾನೆಲಿಗೂ ಮಿರರ್ ಆಯ್ಕೆ ಇರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೇ ಒಂದು ಸಣ್ಣ ವೈರಿನ ಕುಣಿಕೆ ಇರುತ್ತದೆ, ಅದನ್ನು ಕತ್ತರಿಸಿದರೆ ಬದಲಾಗುತ್ತದೆ. ಮೊದಲು ಮೆನು ನೋಡಿ.

ಎಫ್‌ಆರ್‌ಪಿ ಬಾಡಿಗೆ ತೂತು ಹೊಡೆಯೋಕೆ ಭಯ. ಅಂಟಿಸಿದ್ರೆ ಆಗಲ್ವಾ?

ಎಫ್‌ಆರ್‌ಪಿ ಎಂದರೆ ಫೈಬರ್ ಬೆರೆಸಿದ ಪ್ಲಾಸ್ಟಿಕ್, ಕೊರೆಯಬಹುದು. ಎರಡು ಕಡೆ ಅಂಟುವ ಟೇಪು ಏಪ್ರಿಲ್ ಬಿಸಿಲಿಗೆ ಸಡಿಲವಾಗುತ್ತದೆ. ತೂತು ಕೊರೆಸಿ, ಒಳಗಡೆ ಸಣ್ಣ ತಗಡಿನ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಸಿ, ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿಸಿ. ಕೊರೆಯುವ ಮುಂಚೆ ಗೋಡೆಯ ಹಿಂದೆ 230 ವೋಲ್ಟಿನ ವೈರ್ ಇಲ್ಲವೆಂದು ಬಾಡಿ ಕಟ್ಟಿದವರಿಂದ ಖಚಿತ ಮಾಡಿಕೊಳ್ಳಿ. ಕೇಬಲ್ ಒಳಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋತುಬಿದ್ದಿರಲಿ. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

## ವೈರಿಂಗ್

ಹನ್ನೆರಡು ವೋಲ್ಟಾ, ಇಪ್ಪತ್ತನಾಲ್ಕಾ?

ಟ್ರಾವೆಲರ್, ವಿಂಗರ್ 12 ವೋಲ್ಟಿನವು. ಬಸ್ಸಿನ ಚಾಸಿಯಾದರೆ ಸಾಮಾನ್ಯವಾಗಿ 24, ಎಂಜಿನ್ ಓಡುವಾಗ 28ರವರೆಗೆ ಏರುತ್ತದೆ. 12ಕ್ಕೆ ಮಾತ್ರ ಮಾಡಿದ ಕ್ಯಾಮೆರಾ ಅಲ್ಲಿ ಸುಟ್ಟುಹೋಗುತ್ತದೆ. 10ರಿಂದ 32 ವೋಲ್ಟ್ ತಡೆಯುವ ಮಾನಿಟರ್ ಕೊಂಡು, ನಾಲ್ಕು ಪಿನ್ನಿನ ಕೇಬಲಿನಲ್ಲಿ ಅದರಿಂದಲೇ ಕ್ಯಾಮೆರಾಕ್ಕೆ ಕರೆಂಟು ಹೋಗುವಂತೆ ಮಾಡುವುದು ಕ್ಷೇಮ. ಮೂಲದ ಹತ್ತಿರವೇ 3 ಆಂಪಿಯರ್ ಫ್ಯೂಸ್ ಇರಲಿ.

ಇಂಡಿಕೇಟರ್ ಹಾಕಿದ್ರೆ ಆ ಪಕ್ಕದ ಚಿತ್ರ ಬರ್ಬೇಕು. ಹಾಕ್ಸಿದ್ದೀನಿ, ಆದ್ರೆ ಮಿಣಮಿಣ ಅಂತ ಬಂದು ಹೋಗ್ತದೆ.

ಇಂಡಿಕೇಟರ್ ವೈರಿನಲ್ಲಿ ಕರೆಂಟು ಬಿಟ್ಟುಬಿಟ್ಟು ಬರುತ್ತದೆ, ಸ್ಕ್ರೀನ್ ಅದನ್ನೇ ಅನುಸರಿಸುತ್ತಿದೆ. ಮಾನಿಟರಿನ ಮೆನುವಿನಲ್ಲಿ ಟ್ರಿಗರ್ ಡಿಲೇ ಎಂಬುದನ್ನು 2 ಅಥವಾ 3 ಸೆಕೆಂಡಿಗೆ ಇಡಿ. ಆ ಆಯ್ಕೆ ಇಲ್ಲದಿದ್ದರೆ ಡಿಲೇ ರಿಲೇ (ಕರೆಂಟು ನಿಂತ ಮೇಲೂ ಸ್ವಲ್ಪ ಹೊತ್ತು ಸಂಪರ್ಕ ಹಿಡಿದಿಡುವ ಸ್ವಿಚ್) ಒಂದನ್ನು ಮಧ್ಯೆ ಹಾಕಿಸಿ. ಎಡ ಇಂಡಿಕೇಟರಿಗೆ ಎಡ ಚಿತ್ರ ಬರುವುದು ಸರಿ, ಆದರೆ ಮೇಲೆ ಹೇಳಿದ ಬಾಲದ ಬೀಸಿಗೆ ಬಲ ಇಂಡಿಕೇಟರ್ ಹಾಕಿದಾಗಲೂ ಎಡ ಚಿತ್ರ ಬೇಕು. ಅದಕ್ಕೆ ಕೈಯಳತೆಯಲ್ಲಿ ಒಂದು ಸ್ವಿಚ್ ಬೇರೆಯೇ ಇಡಿಸಿ, ನಿಂತ ಜಾಗದಿಂದ ಹೊರಡುವಾಗ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ರಿವರ್ಸ್ ಚಿತ್ರವೂ ಮಿಣುಕುತ್ತಿದ್ದರೆ ಹೊಸ ಗಾಡಿಗಳ ದೀಪದ ಕರೆಂಟು ತುಣುಕಾಗಿ ಬರುತ್ತಿರಬಹುದು. ನೇರ ಜೋಡಿಸದೆ ಫಿಲ್ಟರ್ ಇರುವ ರಿಲೇ ಮೂಲಕ ತೆಗೆಯಬೇಕು.

ಇನ್ವರ್ಟರ್ ಆನ್ ಮಾಡಿದ ಕೂಡ್ಲೆ ಸ್ಕ್ರೀನ್ ತುಂಬ ಗೆರೆ ಓಡ್ತವೆ.

ಕ್ಯಾಮೆರಾ ಕೇಬಲ್ ಇನ್ವರ್ಟರ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಓಡುತ್ತಿದೆಯೇ ನೋಡಿ. ಬೇರೆ ಮಾಡಿ; ದಾಟಲೇಬೇಕಾದರೆ ಅಡ್ಡವಾಗಿ ದಾಟಲಿ. ಎರಡನೆಯ ಕಾರಣ ಅರ್ತ್. ಮಾನಿಟರಿಗೆ ಮುಂದೆ ಒಂದು ಅರ್ತ್, ಕ್ಯಾಮೆರಾಕ್ಕೆ ಹಿಂದೆ ಚಾಸಿಯಿಂದ ಇನ್ನೊಂದು ಕೊಟ್ಟಿದ್ದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಜಾಗಕ್ಕೆ ತನ್ನಿ.

ಕೇಬಲ್ ಚಾಸಿ ಕೆಳಗೆ ಎಳೀಬೋದಾ?

ಒಳಗೋಡೆಯ ದಾರಿ ಸಿಗದಿದ್ದರೆ ಎಳೆಯಬಹುದು, ಆದರೆ ಪೈಪಿನೊಳಗೆ, ಚಾಸಿಯ ಒಳಮೈಗೆ ಬಿಗಿಯಾಗಿ, ಸೈಲೆನ್ಸರಿನಿಂದ ದೂರ. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆ ಹಾಕಿರುತ್ತಾರೆ. ಹುರುಳಿ ಸೊಪ್ಪು ಅಚ್ಚಿಗೆ ಸುತ್ತಿಕೊಂಡು ಜೋತುಬಿದ್ದ ಕೇಬಲನ್ನು ಬುಡದಿಂದ ಕೀಳುತ್ತದೆ. ಬಿಸಿ ಸೈಲೆನ್ಸರಿಗೆ ಸಿಕ್ಕರೆ ಬೆಂಕಿಯೂ ಹತ್ತಬಹುದು. ಅಂಥ ರಸ್ತೆ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಿಸಿ. ಜೋಡಣೆಗಳನ್ನು ಗಾಡಿಯೊಳಗೇ ಇಟ್ಟರೆ ಒಳ್ಳೆಯದು, ಹೊರಗಿದ್ದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿಸಿ.

## ಇನ್ನೂ ಮುಂದಕ್ಕೆ

ಹೈವೇಲಿ ಯಾವಾಗ್ಲೂ ಹಿಂದಿನ ಚಿತ್ರ ಕಾಣೋ ಹಂಗೆ ಮಾಡ್ಬೋದಾ?

ಮಾಡಬಹುದು. ಆದರೆ ನೆಲ ನೋಡುವ ರಿವರ್ಸ್ ಕ್ಯಾಮೆರಾ ದೂರದಿಂದ ಬರುವ ಬಸ್ಸನ್ನು ಚುಕ್ಕೆಯಷ್ಟು ತೋರಿಸುತ್ತದೆ. ಒಂದು ಲೆನ್ಸ್ ಕೆಳಕ್ಕೆ, ಇನ್ನೊಂದು ಕಿರಿದಾದ ಕೋನದಲ್ಲಿ ದೂರಕ್ಕೆ ನೋಡುವ ಜೋಡಿ ಕ್ಯಾಮೆರಾ ಇದಕ್ಕೆ ಸರಿ. ರಾತ್ರಿ ಸ್ಕ್ರೀನಿನ ಬೆಳಕು ಕಡಿಮೆ ಮಾಡಿಕೊಳ್ಳಿ.

360 ಡಿಗ್ರಿ, ಮೇಲಿಂದ ನೋಡಿದಂಗೆ ಕಾಣೋದು ಹಾಕ್ಸೋಣ ಅಂತಿದೀನಿ.

ಮೊದಲ ಖರೀದಿಗೆ ಬೇಡ ಎನ್ನುತ್ತೇನೆ. ನಾಲ್ಕು ಚಿತ್ರಗಳನ್ನು ಹೊಲಿದು ಒಂದು ಮಾಡುವಾಗ ಮೂಲೆಯ ಹೊಲಿಗೆಯಲ್ಲಿ ಕಂಬ, ಮಗು, ಕಲ್ಲುಗೂಟ ಮಸುಕಾಗಬಹುದು. ಎತ್ತರದ, ಉದ್ದದ ಬಾಡಿಯಲ್ಲಿ ಇದು ಹೆಚ್ಚು. ಗುರುತಿನ ನೆಲಹಾಸು ಸುತ್ತ ಹಾಸಿ ಕ್ಯಾಮೆರಾಗಳ ಅಳತೆ ಹೊಂದಿಸಲು ಬಲ್ಲವರು ಹತ್ತಿರದಲ್ಲಿದ್ದರೆ, ಹೊಲಿಯದ ಚಿತ್ರವನ್ನೂ ಬೇರೆಯಾಗಿ ನೋಡಲು ಬರುವಂತಿದ್ದರೆ ಆಮೇಲೆ ಯೋಚಿಸಿ.

ರೆಕಾರ್ಡಿಂಗ್ ಇಟ್ಕೊಂಡ್ರೆ ಬ್ಯಾಟರಿ ಖಾಲಿ ಆಗಲ್ವಾ? ಕಾರ್ಡ್ ಎಷ್ಟು ದೊಡ್ಡದು ಬೇಕು?

ನಾಲ್ಕು ಕ್ಯಾಮೆರಾ ಮತ್ತು ಮಾನಿಟರ್ ಸೇರಿ 12 ವೋಲ್ಟಿನಲ್ಲಿ ಸುಮಾರು 1.2 ಆಂಪಿಯರ್ ಎಳೆದರೆ ದಿನಕ್ಕೆ 29 ಆಂಪಿಯರ್ ಅವರ್ ಹೋಗುತ್ತದೆ. ನೂರು ಆಂಪಿಯರ್ ಅವರ್ ಬ್ಯಾಟರಿಗೆ ಅದು ಸಣ್ಣದಲ್ಲ. ನಿಂತಾಗ ಮಾನಿಟರ್ ಆಫ್ ಆಗಿ, ಅಲುಗಾಟವಾದಾಗ ಮಾತ್ರ ರೆಕಾರ್ಡ್ ಆಗುವಂತೆ ಇಡಿ. ಗಾಡಿಯ ಮನೆಭಾಗಕ್ಕೆ ಇರುವ ಬ್ಯಾಟರಿಯಿಂದಲೇ ಕೊಡಿ, ಎಂಜಿನ್ ಬ್ಯಾಟರಿ ಮುಟ್ಟಬೇಡಿ. ಒಂದೊಂದು ಚಾನೆಲ್ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ನಾಲ್ಕಕ್ಕೆ ಗಂಟೆಗೆ 7 ಜಿಬಿ. 128 ಜಿಬಿ ಕಾರ್ಡಿನಲ್ಲಿ ಸುಮಾರು 17 ಗಂಟೆ. ಸತತ ಬರವಣಿಗೆಗೆಂದೇ ಮಾಡಿದ ಕಾರ್ಡ್ ಕೊಳ್ಳಿ.

ಇನ್ಶೂರೆನ್ಸ್‌ನವ್ರಿಗೆ ಹೇಳ್ಬೇಕಾ?

ಹೇಳಿ. ಕಂಪನಿಯಿಂದ ಬರದ ಎಲೆಕ್ಟ್ರಾನಿಕ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಬಹುದು. ಬರೆಸದಿದ್ದರೆ ಅದರ ಬೆಲೆ ಕ್ಲೇಮಿನಲ್ಲಿ ಸಿಗುವುದು ಕಷ್ಟ. ಬಿಲ್ಲು, ಕೂರಿಸಿದ ಫೋಟೋ ಇಟ್ಟುಕೊಳ್ಳಿ. ಗಾಡಿಗೆ ವಾರಂಟಿ ಇದ್ದರೆ ಕಂಪನಿಯ ವೈರನ್ನು ಕತ್ತರಿಸದೆ ಕನೆಕ್ಟರ್ ಮೂಲಕವೇ ಕೆಲಸ ಮಾಡಿಸಿ.

ಎಷ್ಟು ದಿನಕ್ಕೊಂದ್ಸಲ ನೋಡ್ಕೋಬೇಕು?

ಲೆನ್ಸನ್ನು ಹೊರಡುವ ಪ್ರತಿ ಬೆಳಿಗ್ಗೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಮಣ್ಣಿನ ಕಣ ಗೀರು ಹಾಕುತ್ತದೆ. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಪೊರೆ ಕಟ್ಟುವುದರಿಂದ ತೊಳೆದ ಕೂಡಲೇ ಒರೆಸಬೇಕು. ಲೆನ್ಸಿನ ಒಳಗೇ ಮಂಜು ಕಂಡರೆ ಸೀಲು ಹೋಗಿದೆ ಎಂದರ್ಥ, ಅದು ಒಣಗಿದರೂ ಮತ್ತೆ ಬರುತ್ತದೆ, ಕ್ಯಾಮೆರಾ ಬದಲಿಸಿ. ಜೂನ್ ಮಳೆ ಹಿಡಿಯುವ ಮುಂಚೆ ಸೀಲೆಂಟ್, ಬೋಲ್ಟ್, ಹೊರಗಿನ ಜೋಡಣೆ ಒಮ್ಮೆ ನೋಡಿಸಿ. ಸ್ಪ್ರಿಂಗ್ ಪಟ್ಟಿ ಬದಲಿಸಿದರೆ, ಟೈರಿನ ಅಳತೆ ಬದಲಾದರೆ, ಹಿಂದೆ ಹೊಸದೇನಾದರೂ ತೂಗಿಸಿದರೆ ಇಟ್ಟಿಗೆ ಸಾಲಿಟ್ಟು ಗೆರೆಗಳನ್ನು ಮತ್ತೆ ಹೊಂದಿಸಿ.